ಒಂದು ನಾಬ್ ಪಕ್ಕ ಇನ್ನೊಂದು ನಾಬ್: 1990ರ ಎಚ್‌ಎಎಲ್ ವಿಮಾನ ದುರಂತದಲ್ಲಿ ತಪ್ಪು ಬರೀ ಪೈಲಟ್‌ದಾ?

ಮುರುಗೇಶಪಾಳ್ಯದವ

ನಾನಾಗ ಆರನೇ ಕ್ಲಾಸು. 1990 ಫೆಬ್ರವರಿ 14, ಮಧ್ಯಾಹ್ನ ಒಂದು ಗಂಟೆ ಚಿಲ್ಲರೆ, ಸ್ಕೂಲಲ್ಲಿ ಊಟದ ಡಬ್ಬಿ ಬಿಚ್ಚಿದ್ವಿ ಅಷ್ಟೆ, ಗಾಲ್ಫ್ ಕೋರ್ಸ್ ಕಡೆಯಿಂದ ಕರ್ರಗೆ ಹೊಗೆ ಎದ್ದಿದ್ದು ಕಾಣಿಸ್ತು. ಬಾಂಬೆಯಿಂದ ಬರ್ತಿದ್ದ ಇಂಡಿಯನ್ ಏರ್‌ಲೈನ್ಸ್ 605, ಹೊಚ್ಚ ಹೊಸ ಏರ್‌ಬಸ್ ಎ320, ಬೆಂಗಳೂರಿನ ಎಚ್‌ಎಎಲ್ ಏರ್‌ಪೋರ್ಟ್ ರನ್‌ವೇ ಮುಟ್ಟೋಕೆ ಮುಂಚೆ ಗಾಲ್ಫ್ ಕೋರ್ಸ್ ಮೇಲೇ ಬಡಿದಿತ್ತು. 146 ಜನರಲ್ಲಿ 92 ಜನ ಹೋದ್ರು. ಮಳೆ ಇಲ್ಲ, ಮಂಜಿಲ್ಲ, ಎಂಜಿನ್ ಕೆಟ್ಟಿರ್ಲಿಲ್ಲ.

ತನಿಖೆ ಮಾಡಿದ್ದು ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್ ಅವರು. ಪರಿಸ್ಥಿತಿ ಎಷ್ಟು ಗಂಭೀರ ಅಂತ ಪೈಲಟ್‌ಗಳಿಗೆ ಹೊಳೀಲಿಲ್ಲ, ಸಮಯಕ್ಕೆ ಥ್ರಾಟಲ್ (ಎಂಜಿನ್ ಶಕ್ತಿ ಏರಿಸೋ ಹಿಡಿಕೆ) ಮುಂದಕ್ಕೆ ತಳ್ಳಲಿಲ್ಲ ಅನ್ನೋದು ಕೊನೆಗೆ ಬಂದ ಕಾರಣ. ಸರಿ, ಆದ್ರೆ ಯಾಕೆ ಹೊಳೀಲಿಲ್ಲ? ವಿಮಾನ ಆಗ "ಓಪನ್ ಡಿಸೆಂಟ್" ಅನ್ನೋ ಮೋಡ್‌ನಲ್ಲಿತ್ತು. ಅದರಲ್ಲಿ ಎಂಜಿನ್ ಸುಮ್ನೆ ಐಡಲ್‌ನಲ್ಲಿರುತ್ತೆ, ಮೂಗು ತಗ್ಗಿಸಿ ಇಳೀತಾ ಸ್ಪೀಡ್ ಕಾಯ್ಕೋಬೇಕು. ಕೆಳಗೆ ಜಾಸ್ತಿ ಬಂದ್ಬಿಟ್ವಿ ಅಂತ ಪೈಲಟ್ ಮೂಗು ಎತ್ತಿದ್ರೆ ಸ್ಪೀಡ್ ಬೀಳುತ್ತೆ, ಎಂಜಿನ್ ಮಾತ್ರ ಏಳಲ್ಲ, ಯಾಕಂದ್ರೆ ಏಳು ಅಂತ ಅದಕ್ಕೆ ಯಾರೂ ಹೇಳಿಲ್ಲ. ಅದರಿಂದ ಆಚೆ ಬರೋಕೆ ಇಬ್ಬರ ಫ್ಲೈಟ್ ಡೈರೆಕ್ಟರ್‌ಗಳೂ (ಮೂಗು ಎತ್ತ ಇರಬೇಕು ಅಂತ ಪೈಲಟ್‌ಗೆ ಸ್ಕ್ರೀನ್ ಮೇಲೆ ತೋರಿಸೋ ವ್ಯವಸ್ಥೆ) ಆಫ್ ಆಗಬೇಕಿತ್ತು. ಒಬ್ಬರದ್ದು ಆಫ್ ಆಯ್ತು, ಇನ್ನೊಬ್ಬರದ್ದು ಆನ್ ಉಳೀತು. ನಿನ್ನದು ನನ್ನದು ಅಂತ ಅವರಿಬ್ಬರೂ ಮಾತಾಡ್ಕೊಂಡಿದ್ದು ಕಾಕ್‌ಪಿಟ್ ರೆಕಾರ್ಡಿಂಗ್‌ನಲ್ಲೇ ಇದೆ. ನೆಲ ಆಗ್ಲೇ ಹತ್ರ.

ಆ ಮೋಡ್‌ಗೆ ಹೋಗಿದ್ದಾದ್ರೂ ಹೆಂಗೆ? ತನಿಖೆ ಮುಂದಿಟ್ಟ ಒಂದು ಸಾಧ್ಯತೆ ಓದಿದಾಗ ನನಗೆ ನಿದ್ದೆ ಬರ್ಲಿಲ್ಲ. ನಿಮಿಷಕ್ಕೆ 700 ಅಡಿ ಇಳಿಯೋ ಹಾಗೆ ಒಂದು ನಾಬ್ ತಿರುಗಿಸಬೇಕಿತ್ತು, ಅದರ ಪಕ್ಕದ ಎತ್ತರದ ನಾಬ್ ತಿರುಗಿ 700 ಅಡಿ ಅಂತ ಬಿತ್ತು ಅಂತ. ಎಚ್‌ಎಎಲ್ ರನ್‌ವೇನೇ ಸಮುದ್ರ ಮಟ್ಟದಿಂದ 2,900 ಅಡಿ ಮೇಲಿದೆ. ಹಂಗಾಗಿದ್ದಿದ್ರೆ ಆ ಕಂಪ್ಯೂಟರ್‌ಗೆ ಬೆಂಗಳೂರಿನ ನೆಲದೊಳಗೆ ಎರಡು ಸಾವಿರ ಅಡಿ ಇಳಿ ಅಂದಂಗೆ, ಅದೂ ಆಗ್ಲಿ ಸ್ವಾಮಿ ಅಂದಂಗೆ. ಇದನ್ನ ಪೈಲಟ್ ತಪ್ಪು ಅಂತ ಒಂದೇ ಪದದಲ್ಲಿ ಮುಗಿಸಬಹುದಾ? ನಿಮ್ಮ ನಿಮ್ಮ ಕೆಲಸದಲ್ಲಿ ಇಂಥದ್ದು ನೋಡಿದ್ರೆ ಬರೀರಿ.

ಶಿಸ್ತು_ಮೊದಲು

ಕ್ಷಮಿಸಿ, ನಾನು ಒಪ್ಪಲ್ಲ. ಮೂವತ್ತು ವರ್ಷ ಶಾಪ್ ಫ್ಲೋರ್‌ನಲ್ಲಿ ಸೂಪರ್‌ವೈಸರ್ ಆಗಿದ್ದವನು ನಾನು. ಇಬ್ಬರು ಪೈಲಟ್, ಇಬ್ಬರ ಕಣ್ಣೆದುರಿಗೂ ಸ್ಪೀಡ್ ತೋರಿಸೋ ಪಟ್ಟಿ, ಅದು ಇರಬೇಕಾದ್ದಕ್ಕಿಂತ ಸುಮಾರು 25 ನಾಟ್ ಕೆಳಗೆ ಬೀಳೋ ತನಕ ನೋಡ್ಲಿಲ್ಲ ಅಂದ್ರೆ ಏನರ್ಥ? ಯಾವ ನಾಬ್ ಎಲ್ಲಿದ್ರೂ ನೋಡಿ ಮುಟ್ಟಬೇಕು. ಎಲ್ಲಾನೂ ಡಿಸೈನ್ ತಲೆ ಮೇಲೆ ಹಾಕ್ಕೊಂಡು ಹೋದ್ರೆ ನಾಳೆ ಅಡಿಗೆ ಮನೇಲಿ ಉಪ್ಪಿನ ಬದಲು ಸಕ್ಕರೆ ಹಾಕಿದ್ದಕ್ಕೂ ಡಬ್ಬಿ ಮಾಡಿದವನನ್ನ ಕೇಳ್ತೀರಾ?

ಮುರುಗೇಶಪಾಳ್ಯದವ

ಸರ್, ಎರಡೂ ಒಂದೇ ಥರದ ಡಬ್ಬಿ, ಒಂದೇ ಥರದ ಮುಚ್ಚಳ, ಪಕ್ಕಪಕ್ಕ ಇಟ್ಟು ಲೈಟ್ ಆಫ್ ಮಾಡಿದ್ರೆ ಕೇಳ್ತೀನಿ :)

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳಲ್ಲಿ ಇದೇ ಕಥೆ. ಯುದ್ಧದಿಂದ ಸುರಕ್ಷಿತವಾಗಿ ವಾಪಸ್ ಬಂದು, ಚೆನ್ನಾಗೇ ಇಳಿದು, ಆಮೇಲೆ ರನ್‌ವೇ ಮೇಲೆ ಚಕ್ರ ಮಡಚಿಬಿಡ್ತಿದ್ರು. ಹೊಟ್ಟೆ ಮೇಲೆ ಕೂತ್ಬಿಡ್ತಿತ್ತು ವಿಮಾನ. ಅಲ್ಫಾನ್ಸ್ ಚಾಪನಿಸ್ ಅನ್ನೋ ಮನಶ್ಶಾಸ್ತ್ರಜ್ಞ ನೋಡಿದ್ರೆ, ಫ್ಲ್ಯಾಪ್ (ರೆಕ್ಕೆ ಹಿಂಬದಿಯ ಮಡಚೋ ಪಟ್ಟಿ) ಸ್ವಿಚ್ಚು ಚಕ್ರದ ಸ್ವಿಚ್ಚು ಒಂದೇ ಆಕಾರ, ಪಕ್ಕಪಕ್ಕ. ಅವರು ಮಾಡಿದ್ದು ಇಷ್ಟೇ: ಚಕ್ರದ್ದಕ್ಕೆ ಒಂದು ಸಣ್ಣ ರಬ್ಬರ್ ಚಕ್ರ, ಫ್ಲ್ಯಾಪ್‌ದಕ್ಕೆ ರೆಕ್ಕೆ ಥರದ ಬೆಣೆ ಅಂಟಿಸಿದ್ರು. ಕೈಗೇ ಗೊತ್ತಾಗುತ್ತೆ. ಇವತ್ತಿಗೂ ಪ್ಯಾಸೆಂಜರ್ ವಿಮಾನದ ಲ್ಯಾಂಡಿಂಗ್ ಗೇರ್ ಹಿಡಿಕೆ ಚಕ್ರದ ಆಕಾರದಲ್ಲೇ ಇರಬೇಕು ಅಂತ ನಿಯಮ ಇದೆ. ಆ ಪೈಲಟ್‌ಗಳಿಗೆ ಶಿಸ್ತು ಇರ್ಲಿಲ್ಲ ಅಂತೀರಾ?

ರವಿ_ಆರ್‌ಟಿ_ನಗರ

ಟೈಟಲ್ ನೋಡಿ ಗ್ಯಾಸ್ ಸ್ಟವ್ ನಾಬ್ ಅಂದ್ಕೊಂಡು ಬಂದೆ. ನಮ್ಮನೇಲಿ ನಾಲ್ಕು ಬರ್ನರ್ ಸ್ಟವ್, ಯಾವ ನಾಬ್ ಯಾವುದಕ್ಕೆ ಅಂತ ಐದು ವರ್ಷದಿಂದ ಜಗಳ ನಡೀತಿದೆ.

ಹುಬ್ಬಳ್ಳಿ_ಓಟಿ

ಓಟಿ ಒಳಗ ಅನಸ್ತೇಸಿಯಾ ಟೆಕ್ನಿಷಿಯನ್ ಆಗಿ 22 ವರ್ಷ ಆತ್ರಿ ನನಗ. ಅರವಳಿಕಿ ಕೊಡೋ ನಮ್ಮ ಬಾಯ್ಲ್ಸ್ ಮಷೀನಿಗೆ ಎರಡು ನಮೂನಿ ಸಿಲಿಂಡರ್ ಕೂಡಸ್ತೀವಿ, ಆಕ್ಸಿಜನ್ ಕರಿ ಮೈ ಬಿಳಿ ಭುಜ, ನೈಟ್ರಸ್ ಅಂದ್ರ ಅರವಳಿಕಿ ಗ್ಯಾಸು, ಅದು ನೀಲಿ. ಬಣ್ಣ ನೋಡಿ ಹಾಕ್ರಿ ಅಂತ ಬಿಟ್ಟಿದ್ರ ಎಷ್ಟು ಮಂದಿ ಸಾಯ್ತಿದ್ರೋ. ರಾತ್ರಿ ಮೂರಕ್ಕ ಎಮರ್ಜೆನ್ಸಿ ಸಿಸೇರಿಯನ್, ಕರೆಂಟ್ ಹೋಗೇತಿ, ಜನರೇಟರ್ ಇನ್ನೂ ಹತ್ತಿಲ್ಲ, ಪೇಂಟ್ ಕಿತ್ತು ಹೋಗಿರೋ ಸಿಲಿಂಡರ್, ಬಣ್ಣ ಎಲ್ಲಿ ನೋಡ್ತೀರಿ?

ಅದಕ್ಕ ಪಿನ್ ಇಂಡೆಕ್ಸ್ ಅಂತ ಮಾಡ್ಯಾರ. ಮಷೀನಿಗೆ ಸಿಲಿಂಡರ್ ಹಿಡಿಸೋ ನೊಗದಾಗ ಎರಡು ಸಣ್ಣ ಪಿನ್, ಸಿಲಿಂಡರಿನ ವಾಲ್ವಿನಾಗ ಎರಡು ತೂತು. ಆಕ್ಸಿಜನ್ನಿಗೆ 2 ಮತ್ತ 5ನೇ ಜಾಗಾ, ನೈಟ್ರಸ್ಸಿಗೆ 3 ಮತ್ತ 5. ತಪ್ಪು ಸಿಲಿಂಡರ್ ತಂದ್ರ ಕೂಡೂದಿಲ್ಲ, ಮುಗೀತು. ನನ್ನ ಮೊದಲ ವರ್ಷದಾಗ ಕತ್ತಲದಾಗ ನೈಟ್ರಸ್ ಹೊತ್ಕೊಂಡು ಬಂದು ಆಕ್ಸಿಜನ್ ಜಾಗಾದಾಗ ಒತ್ತಾಕ ಹತ್ತಿದ್ದೆ. ಯಾಕ ಕೂಡವಲ್ದು ಅಂತ ಮಷೀನಿಗೇ ಬೈದೆ. ಆ ಎರಡು ಪಿನ್ ಇರದಿದ್ರ ಇಲ್ಲಿ ನಿಮ್ಮ ಮುಂದ ಇದನ್ನ ಬರಿಯೋ ಮಾರಿ ನನಗ ಇರ್ತಿರಲಿಲ್ಲ.

ಹಂಗಂತ ಪಿನ್ ಅದಾವು ಅಂತ ನಿಶ್ಚಿಂತಿ ಇರಾಕೂ ಬರೂದಿಲ್ಲ ನೋಡ್ರಿ. ಸಿಲಿಂಡರಿಗೂ ನೊಗಕ್ಕೂ ನಡುವ ಒಂದು ವಾಷರ್ ಇರ್ತದ. ಸೋರಾಕ ಹತ್ತಿದ್ರ ಮಂದಿ ಏನ್ ಮಾಡ್ತಾರ, ಹಳೇದು ತಗೀದನ ಮ್ಯಾಲ ಇನ್ನೊಂದು ವಾಷರ್ ಹಾಕ್ತಾರ. ಎರಡು ಮೂರು ಆದ್ವು ಅಂದ್ರ ಸಿಲಿಂಡರ್ ಪಿನ್ನಿಗೆ ಮುಟ್ಟೂದ ಇಲ್ಲ, ಯಾವುದ ಬೇಕಾದ್ರೂ ಕೂಡ್ತದ. ಹಾಕಿದಾವ ಕೆಟ್ಟಾವ ಅಲ್ರಿ, ಸೋರೂದು ನಿಲ್ಲಸಾಕ ಹೊಂಟಾನ, ಪಾಪ.

ಕೋಡ್_ಕೂಲಿ

ವಾಷರ್ ಕಥೆ ಓದಿ ಥೆರಾಕ್-25 ನೆನಪಾಯ್ತು. ಸಾಫ್ಟ್‌ವೇರ್ ಓದಿದವರಿಗೆಲ್ಲ ಗೊತ್ತಿರೋದೇ, ಆದ್ರೂ. ಕೆನಡಾದಲ್ಲಿ ಮಾಡಿದ ಕ್ಯಾನ್ಸರ್ ರೇಡಿಯೇಷನ್ ಮಷೀನು, 1985ರಿಂದ 87ರ ಒಳಗೆ ಆರು ಜನಕ್ಕೆ ವಿಪರೀತ ಡೋಸ್ ಹೊಡೀತು, ಕೆಲವರು ಸತ್ತೇ ಹೋದ್ರು. ಆಪರೇಟರ್ ಮೊದಲು ತಪ್ಪು ಮೋಡ್ ಟೈಪ್ ಮಾಡಿ, ಅಯ್ಯೋ ಅಂತ ಕರ್ಸರ್ ಮೇಲೆ ಒಯ್ದು ಸರಿ ಮಾಡಿ, ಇದೆಲ್ಲ ಎಂಟು ಸೆಕೆಂಡ್ ಒಳಗೆ ಆಗಿಬಿಟ್ರೆ ಸ್ಕ್ರೀನ್ ಒಂದು ಹೇಳ್ತಿತ್ತು ಮಷೀನ್ ಒಳಗೆ ಇನ್ನೊಂದು ಇರ್ತಿತ್ತು. ಅಂದ್ರೆ ಕೆಲಸದಲ್ಲಿ ಕೈ ಪಳಗಿ ಸ್ಪೀಡ್ ಬಂದವರಿಗೇ ಆ ಬಗ್ ಸಿಕ್ಕೋದು, ಹೊಸಬರಿಗೆ ಸಿಗ್ತಾನೇ ಇರ್ಲಿಲ್ಲ! ಸ್ಕ್ರೀನ್ ಮೇಲೆ ಬಂದಿದ್ದು "ಮಾಲ್‌ಫಂಕ್ಷನ್ 54" ಅಂತ ಒಂದು ನಂಬರ್. ದಿನಾ ಇಂಥ ಎಷ್ಟೋ ನಂಬರ್ ಬರ್ತಿದ್ವು, ಪಿ ಒತ್ತಿದ್ರೆ ಮುಂದಕ್ಕೆ ಹೋಗ್ತಿತ್ತು, ಒತ್ತಿದ್ರು.

ನನಗೆ ಹೊಟ್ಟೆ ಉರಿಯೋದು ಬೇರೆ ಕಡೆ. ಇದರ ಹಿಂದಿನ ಮಾಡೆಲ್ ಥೆರಾಕ್-20ಯಲ್ಲೂ ಅದೇ ಬಗ್ ಇತ್ತು. ಅದರಲ್ಲಿ ಹಾರ್ಡ್‌ವೇರ್ ಇಂಟರ್‌ಲಾಕ್ (ಸಾಫ್ಟ್‌ವೇರ್ ತಪ್ಪಿದ್ರೂ ಮಷೀನನ್ನ ತಡೆಯೋ ಬೇರೆ ಸರ್ಕ್ಯೂಟ್) ಇದ್ದಿದ್ದರಿಂದ ಫ್ಯೂಸ್ ಹೋಗ್ತಿತ್ತು, ಅಷ್ಟೇ. ಯಾರೂ ಸಾಯ್ಲಿಲ್ಲ, ಹಂಗಾಗಿ ಬಗ್ ಇದೆ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ಹೊಸ ಮಾಡೆಲ್‌ನಲ್ಲಿ, ಸಾಫ್ಟ್‌ವೇರ್ ಇಷ್ಟು ವರ್ಷ ಚೆನ್ನಾಗಿ ನಡೀತಲ್ಲ ಅಂತ ಆ ಇಂಟರ್‌ಲಾಕ್ ಕಿತ್ತಾಕಿದ್ರು. ಕಾಪಾಡ್ತಾ ಇದ್ದಿದ್ದು ಯಾವುದು ಅಂತ ಅದನ್ನ ತೆಗೆದ ಮೇಲೆ ಗೊತ್ತಾಯ್ತು.

ಪೀಣ್ಯ_ಎರಡನೇ_ಹಂತ

ಶಿಸ್ತು ಸಾರ್‌ಗೆ ನನ್ನ ಉತ್ತರ. ನಾನು ಪವರ್ ಪ್ರೆಸ್ ಆಪರೇಟರ್ ಆಗಿದ್ದೆ, ಈಗ ಮೆಂಟೆನೆನ್ಸ್‌ನಲ್ಲಿದೀನಿ. ನನ್ನ ಎಡಗೈ ತೋರುಬೆರಳು ಅರ್ಧ ಇಲ್ಲ. ಯಾವ ಶಾಪು ಅಂತ ಹೇಳಲ್ಲ.

ಆ ಪ್ರೆಸ್‌ಗೆ ಎರಡು ಪುಷ್ ಬಟನ್ ಇತ್ತು, ಎರಡು ಕೈಯಲ್ಲೂ ಒಟ್ಟಿಗೆ ಒತ್ತಿದ್ರೆ ಮಾತ್ರ ಡೈ (ಪೀಸ್ ಒತ್ತೋ ಅಚ್ಚು) ಇಳಿಯೋದು, ಎರಡು ಕೈಯೂ ಬಟನ್ ಮೇಲಿದ್ರೆ ಡೈ ಒಳಗೆ ಯಾವ ಕೈ ಇರುತ್ತೆ ಹೇಳಿ. ಲೆಕ್ಕಾಚಾರ ಸರಿಯಾಗೇ ಇತ್ತು. ಆದ್ರೆ ನಮ್ಮದು ಪೀಸ್ ರೇಟು, ಎರಡು ಕೈ ಒತ್ತಿ ಬಿಟ್ಟು ಪೀಸ್ ತೆಗೆದು ಮತ್ತೆ ಇಟ್ಟು ಮತ್ತೆ ಒತ್ತಿ ಅಂತ ಹೋದ್ರೆ ಗಂಟೆಗೆ ಎಷ್ಟು ಆಗುತ್ತೆ? ಹಂಗಾಗಿ ಶಿಫ್ಟ್ ಶುರು ಆಗ್ತಿದ್ದಂಗೆ ಎಲ್ಲರೂ ಎಡಗಡೆ ಬಟನ್‌ಗೆ ಸೈಕಲ್ ಟ್ಯೂಬ್ ಸುತ್ತಿ ಒತ್ತಿ ಹಿಡಿಸ್ತಿದ್ವಿ, ಬಲಗೈಲಿ ಹೊಡೆಯೋದು ಎಡಗೈಲಿ ಪೀಸ್ ತೆಗೆಯೋದು. ಸೂಪರ್‌ವೈಸರ್ ನೋಡಿಲ್ವಾ ಅಂತ ಕೇಳ್ಬೇಡಿ, ಟಾರ್ಗೆಟ್ ಶೀಟ್ ಮೇಲೆ ಸೈನ್ ಹಾಕ್ತಿದ್ದೋರು ಅವರೇ. ಬೆರಳು ಹೋದ ದಿನ ರಿಪೋರ್ಟ್‌ನಲ್ಲಿ ಬರೆದಿದ್ದು "ಆಪರೇಟರ್ ಅಜಾಗರೂಕತೆ".

ಈಗ ನಾನು ಹಾಕ್ಸೋ ಟು-ಹ್ಯಾಂಡ್ ಕಂಟ್ರೋಲ್‌ನಲ್ಲಿ ಎರಡು ಬಟನ್ನೂ ಅರ್ಧ ಸೆಕೆಂಡ್ ಒಳಗೆ ಒಟ್ಟಿಗೆ ಒತ್ತಬೇಕು, ಪ್ರತಿ ಸ್ಟ್ರೋಕ್ ಆದ್ಮೇಲೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಟ್ಯೂಬ್ ಸುತ್ತಿದ್ರೆ ಪ್ರೆಸ್ ಕದಲೋದೇ ಇಲ್ಲ. ಅಂದ್ರೆ ಇದನ್ನ ಮಾಡಿದವನಿಗೆ ನಮ್ಮ ಟ್ಯೂಬ್ ಬುದ್ಧಿ ಗೊತ್ತಿತ್ತು. ಜೊತೆಗೆ ಒಂದು ಮಾತು, ಪೀಸ್ ತಾನೇ ಆಚೆ ಬೀಳೋ ಹಾಗೆ ಎಜೆಕ್ಟರ್ ಹಾಕಿಸಿದ್ಮೇಲೆ ಯಾರೂ ಟ್ಯೂಬ್ ಹುಡುಕೋದೇ ನಿಲ್ಸಿದ್ರು, ಕೈ ಒಳಗೆ ಹಾಕೋ ಕೆಲಸಾನೇ ಇಲ್ವಲ್ಲ.

ಶಿಸ್ತು_ಮೊದಲು

ನಿಮ್ಮ ಬೆರಳಿನ ವಿಷಯ ಓದಿ ಬೇಜಾರಾಯ್ತು. ನಾನೂ ಟಾರ್ಗೆಟ್ ಶೀಟ್‌ಗೆ ಸೈನ್ ಹಾಕಿದವನೇ, ಅದನ್ನ ಇಲ್ಲ ಅನ್ನಲ್ಲ. ಆದ್ರೂ ಒಂದು ಪ್ರಶ್ನೆ ಬಿಡಲ್ಲ. ಮಷೀನೇ ಎಲ್ಲ ನೋಡ್ಕೊಳುತ್ತೆ ಅಂದ್ರೆ ಮನುಷ್ಯ ನೋಡೋದು ಬಿಡ್ತಾನೆ. ಆ ಎ320 ಪೈಲಟ್‌ಗಳು ಸ್ಪೀಡ್ ನೋಡದೆ ಇದ್ದಿದ್ದು ಅದಕ್ಕೇ ಇರಬಹುದಲ್ವಾ, ಕಂಪ್ಯೂಟರ್ ಕಾಯುತ್ತೆ ಅಂತ?

ಮುರುಗೇಶಪಾಳ್ಯದವ

ಇದು ಒಳ್ಳೆ ಪ್ರಶ್ನೆ ಸರ್, ಅದಕ್ಕೇ ನನಗೆ ಡಿಸೈನ್ ಮೇಲೆ ಇನ್ನೂ ಕೋಪ. ಕಾಯುತ್ತೆ ಅನ್ನೋ ನಂಬಿಕೆ ಕೊಟ್ಟಿದ್ದೂ ಆ ವಿಮಾನವೇ, ಒಂದು ಮೋಡ್‌ನಲ್ಲಿ ಮಾತ್ರ ಕಾಯಲ್ಲ ಅನ್ನೋದನ್ನ ಸ್ಕ್ರೀನ್ ಮೇಲೆ ಒಂದು ಸಣ್ಣ ಪದವಾಗಿ ಬರೆದಿದ್ದೂ ಅದೇ. ಹಳೇ ವಿಮಾನಗಳಲ್ಲಿ ಆಟೋಥ್ರಾಟಲ್ (ಎಂಜಿನ್ ಶಕ್ತಿ ತಾನೇ ಹೊಂದಿಸೋ ವ್ಯವಸ್ಥೆ) ಎಂಜಿನ್ ಕಮ್ಮಿ ಮಾಡಿದ್ರೆ ಥ್ರಾಟಲ್ ಹಿಡಿಕೆ ತಾನೇ ಹಿಂದೆ ಬರುತ್ತೆ, ಕೈಗೆ ತಗಲುತ್ತೆ. ಎ320ಯಲ್ಲಿ ಹಿಡಿಕೆ ನಿಂತಲ್ಲೇ ನಿಂತಿರುತ್ತೆ. ಇದು ಸರಿನಾ ತಪ್ಪಾ ಅಂತ ಪೈಲಟ್‌ಗಳು ಇವತ್ತಿಗೂ ಕಿತ್ತಾಡ್ತಾರೆ, ನಾನು ತೀರ್ಪು ಕೊಡಲ್ಲ.

ಎರಡು ವರ್ಷಕ್ಕೇ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಹತ್ರ ಇನ್ನೊಂದು ಎ320, 1992 ಜನವರಿ 20, ಬೆಟ್ಟಕ್ಕೆ ಹೊಡೀತು, 96ರಲ್ಲಿ 87 ಜನ ಸತ್ರು. ಅಲ್ಲೂ ಪಕ್ಕಾ ಅಂತ ಯಾರೂ ಹೇಳ್ಲಿಲ್ಲ, ಆದ್ರೆ ಬಲವಾದ ಅನುಮಾನ ಏನಂದ್ರೆ, 3.3 ಡಿಗ್ರಿ ಇಳಿಜಾರು ಅಂತ ಕೊಡಬೇಕಾದ ನಾಬ್ ಬೇರೆ ಮೋಡ್‌ನಲ್ಲಿತ್ತು, 33 ಅಂತ ತಿರುಗಿಸಿದ್ದು ನಿಮಿಷಕ್ಕೆ 3,300 ಅಡಿ ಆಗಿಹೋಯ್ತು. ಅದೇ ನಾಬು, ಹೆಚ್ಚು ಕಮ್ಮಿ ಅದೇ ಅಂಕಿ, ನಡುವೆ ಒಂದು ಚುಕ್ಕಿ. ಆಮೇಲೆ 3300 ಅಂತ ಪೂರ್ತಿ ನಾಲ್ಕು ಅಂಕಿ ಕಾಣೋ ಹಾಗೆ ಬದಲಾಯಿಸಿದ್ರು. ಈಗಿನ ಎ320ಗಳಲ್ಲಿ ಓಪನ್ ಡಿಸೆಂಟ್‌ನಲ್ಲಿ ಸ್ಪೀಡ್ ತೀರಾ ಬಿದ್ರೆ ಫ್ಲೈಟ್ ಡೈರೆಕ್ಟರ್ ತಾನೇ ಬಿಟ್ಕೊಟ್ಟು ಎಂಜಿನ್ ಸ್ಪೀಡ್ ಹಿಡಿಯೋಕೆ ಏಳುತ್ತೆ. ಇದನ್ನ 1990ರಲ್ಲೇ ಯಾರಾದ್ರೂ ಯೋಚಿಸಿದ್ದಿದ್ರೆ ಅಂತ ಅನ್ಸುತ್ತೆ.

ಕುಡ್ಲದ_ಮಳೆ

ನಮ್ಮ ಊರಿನದ್ದೂ ಒಂದು ಉಂಟಲ್ಲ ಮಾರಾಯ್ರೆ. 2010 ಮೇ 22, ಬಜ್ಪೆ, ದುಬೈಯಿಂದ ಬಂದದ್ದು, 158 ಜನ ಹೋದರು, ಉಳಿದದ್ದು 8 ಮಂದಿ. ಅದರಲ್ಲಿ ಕ್ಯಾಪ್ಟನ್ ತಪ್ಪು ಅಂತ ನಾನೂ ಹೇಳುತ್ತೇನೆ. ದಾರಿಯಲ್ಲಿ ನಿದ್ದೆ ಮಾಡಿದ್ದರು, ಬೇಡ ಮೇಲೆ ಹೋಗುವ ಅಂತ ಪಕ್ಕದವರು ಹೇಳಿದರೂ ಕೇಳಲಿಲ್ಲ. ಆದರೆ ರನ್‌ವೇ ಮುಗಿದು ಮುಂದೆ ಹೋದ ವಿಮಾನದ ರೆಕ್ಕೆ ಬಡಿದದ್ದು ಎಂತಕ್ಕೆ ಗೊತ್ತುಂಟಾ? ಲ್ಯಾಂಡಿಂಗಿಗೆ ದಾರಿ ತೋರಿಸುವ ಆಂಟೆನಾ ನಿಲ್ಲಿಸಿದ ಕಾಂಕ್ರೀಟಿಗೆ. ಬಡಿದರೆ ಮುರಿದು ಬೀಳುವ ಹಾಗೆ ಇರಬೇಕಿತ್ತು ಅದು. ಅದರಾಚೆ ಗುಡ್ಡದ ಇಳಿಜಾರು. ತಪ್ಪು ಮಾಡಿದವರು ಒಬ್ಬರು, ಆ ತಪ್ಪಿಗೆ ಉಳಿಯಲಿಕ್ಕೆ ಜಾಗ ಇಡದವರು ಬೇರೆಯವರು.

ಮೀಟರ್‌ಗೇಜ್

ನಮ್ಮಪ್ಪ ಅರಸೀಕೆರೆ ಕಡೆ ಸ್ಟೇಷನ್ ಮಾಸ್ಟರ್ ಆಗಿದ್ರು, ಮೀಟರ್ ಗೇಜ್ ಕಾಲ. ಒಂದೇ ಲೈನು, ಎರಡೂ ಕಡೆಯಿಂದ ಗಾಡಿ. ಇದಕ್ಕೆ ಅವರತ್ರ ಇದ್ದಿದ್ದು ನೀಲ್ಸ್ ಬಾಲ್ ಟೋಕನ್, ಕೆಂಪು ಪೇಂಟಿನ ದೊಡ್ಡ ಡಬ್ಬ, ಒಳಗೆ ಉಕ್ಕಿನ ಗುಂಡುಗಳು, ಗುಂಡಿನ ಮೇಲೆ ಎರಡು ಸ್ಟೇಷನ್ ಹೆಸರು ಕೊರೆದಿರೋದು. ಈ ಕಡೆ ಡಬ್ಬಕ್ಕೂ ಆ ಕಡೆ ಸ್ಟೇಷನ್ ಡಬ್ಬಕ್ಕೂ ತಂತಿ. ಆ ಕಡೆಯವರು ಒಪ್ಪಿ ಹಿಡ್ಕೊಂಡ್ರೆ ಮಾತ್ರ ಈ ಕಡೆ ಒಂದು ಗುಂಡು ಟಣ್ ಅಂತ ಬೀಳುತ್ತೆ, ಅದು ಆಚೆ ಇರೋ ತನಕ ಎರಡೂ ಕಡೆ ಇನ್ನೊಂದು ಗುಂಡು ಬರಲ್ಲ, ಏನು ಮಾಡಿದ್ರೂ ಬರಲ್ಲ. ಗುಂಡನ್ನ ಚೀಲಕ್ಕೆ ಹಾಕಿ ದೊಡ್ಡ ಬಳೆಗೆ ಕಟ್ಟಿ ಡ್ರೈವರ್ ಕೈಗೆ. ಗುಂಡಿಲ್ದೆ ಡ್ರೈವರ್ ಹೊರಡಂಗಿಲ್ಲ. ಮಳೆ ರಾತ್ರಿ ಲಾಟೀನು ಹಿಡ್ಕೊಂಡು ಅಪ್ಪ ಪ್ಲಾಟ್‌ಫಾರಂ ತುದೀಲಿ ಬಳೆ ಎತ್ತಿ ನಿಂತಿರ್ತಿದ್ರು, ಓಡೋ ಗಾಡಿಯಿಂದ ಫೈರ್‌ಮನ್ ತೋಳು ತೂರಿಸಿ ಎತ್ಕೊಂಡು ಹೋಗ್ತಿದ್ದ, ಅಪ್ಪನ ಮೊಣಕೈ ಮೇಲೆ ಅದರ ಕಲೆ ಕೊನೇ ತನಕ ಇತ್ತು. ಎದುರುಗಡೆ ಗಾಡಿ ಇದ್ಯಾ ಅಂತ ಯಾರೂ ನೆನಪು ಇಟ್ಕೋಬೇಕಾಗಿರ್ಲಿಲ್ಲ. ನೆನಪು ಆ ಗುಂಡಿನಲ್ಲಿತ್ತು.

ಆದ್ರೆ ಹುಬ್ಬಳ್ಳಿಯವರು ಹೇಳಿದ ವಾಷರ್ ಕಥೆ ರೈಲ್ವೇಲೂ ಇದೆ. 2023 ಜೂನ್ 2, ಬಾಲಸೋರ್ ಹತ್ರ ಬಹನಾಗ ಬಜಾರ್. ಗೇಟ್ ಬದಲಾಯಿಸೋ ಕೆಲಸದಲ್ಲಿ ವೈರ್ ತಪ್ಪಾಗಿ ಜೋಡಿಸಿದ್ರು, ಗಾಡಿನ ಹಳಿ ಬದಲಿಸೋ ಪಾಯಿಂಟ್ ಪಕ್ಕದ ಲೂಪ್ ಲೈನ್ ಕಡೆ ತಿರುಗಿತ್ತು, ಸಿಗ್ನಲ್ ಸರ್ಕ್ಯೂಟ್‌ಗೆ ಮಾತ್ರ ಮೇನ್ ಲೈನ್‌ಗೇ ಇದೆ ಅಂತ ಸುದ್ದಿ ಹೋಯ್ತು. ಹಸಿರು ನಂಬಿ ಬಂದ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್‌ನಲ್ಲಿ ನಿಂತಿದ್ದ ಗೂಡ್ಸ್‌ಗೆ ಹೊಡೀತು, ಅದರ ಬೋಗಿಗಳು ನಮ್ಮ ಬೆಂಗಳೂರಿಂದ ಹೌರಾಗೆ ಹೋಗ್ತಿದ್ದ ಗಾಡಿಯ ಬಾಲಕ್ಕೆ ಬಡಿದ್ವು. 290ಕ್ಕೂ ಹೆಚ್ಚು ಜನ ಸತ್ರು. ಹಳಿ ಸರಿ ಇಲ್ದಿದ್ರೆ ಹಸಿರು ಬಿಡದ ಇಂಟರ್‌ಲಾಕಿಂಗ್ ಇತ್ತು, ಅದಕ್ಕೇ ಸುಳ್ಳು ಹೇಳಿದ್ರೆ ಅದೇನು ಮಾಡುತ್ತೆ?

ಮದ್ದೂರು_ಗದ್ದೆ

ನಾನ್ ಓದಿರೋದು ಎಸ್ಸೆಲ್ಸಿ, ತಪ್ಪಿದ್ರೆ ಕ್ಷಮ್ಸಿ ಕಣ್ರಣ್ಣ. ಆ ಗುಂಡಿನ ಕಥೆ ಓದ್ಬುಟ್ಟು ಎದೆ ಝಲ್ ಅಂತು, ನಮ್ಮ ಬೋರ್‌ವೆಲ್ ತಾವ ಹೋದೊರ್ಸ ಆದದ್ದೂ ಅದೇಯ.

ನಮ್ ಕಡೆ ಮೂರು ಫೇಸ್ ಕರೆಂಟು ರಾತ್ರಿ ಒಂದಕ್ಕೋ ಎರಡಕ್ಕೋ ಕೊಟ್ರೆ ಯಾರು ಎದ್ದೋಗಿ ಮೋಟ್ರು ಹಾಕಾರು, ಅದ್ಕೇ ಎಲ್ರೂ ಆಟೋ ಸ್ಟಾರ್ಟರ್ ಹಾಕ್ಬುಟ್ಟವ್ರೆ, ಕರೆಂಟು ಬಂದೇಟ್ಗೆ ಅದೇ ಓಡ್ಸತ್ತೆ. ಸಲೀಸು, ಆದ್ರೆ ಕರೆಂಟಿಲ್ಲ ಅಂದ್ಕಂಡು ಕೇಬಲ್ಗೆ ಕೈ ಹಾಕ್ದೋನು ಕೆಟ್ಟ. ಅದ್ಕೇ ರಿಪೇರಿ ಮಾಡೋವಾಗ ಕಿಟ್‌ಕ್ಯಾಟ್ ಫ್ಯೂಸು ಮೂರೂ ಕಿತ್ತು ಜೇಬಿಗೆ ಹಾಕ್ಕಂಡೋಗೋದು ನಮ್ಮಪ್ಪನ ಕಾಲ್ದಿಂದ ಪದ್ಧತಿ. ಫ್ಯೂಸು ನನ್ ಜೇಬಲ್ಲೈತೆ ಅಂದ್ರೆ ನನ್ ಪ್ರಾಣ ನನ್ ಜೇಬಲ್ಲೈತೆ ಅಂತ ಲೆಕ್ಕ. ರೈಲು ಗುಂಡೂ ಅಂಗೇ ಅಲ್ವಾ?

ಅವತ್ತು ಜಾಯಿಂಟ್ ಸುತ್ತಿ, ಟೇಪ್ ಹಾಕಿ, ಕೈ ಒರೆಸ್ಕಂಡು ಎದ್ದೆ ಅಷ್ಟೆಯ, ಮೋಟ್ರು ಗುರ್ ಅಂತು. ಜೇಬು ಮುಟ್ಟಿ ನೋಡ್ಕಂಡೆ, ಮೂರು ಫ್ಯೂಸೂ ಅಲ್ಲೇ ಅವೆ! ನೋಡುದ್ರೆ ನಮ್ ಭಾಮೈದ ಮನೆ ಕಡೆಯಿಂದ ಬಂದೋನು ಬೋರ್ಡ್ ನೋಡವ್ನೆ, ಯಾರೋ ಫ್ಯೂಸ್ ಕದ್ದೋಗವ್ರೆ ಅಂದ್ಕಂಡು, ಪೈರು ಒಣಗ್ತಾ ಐತೆ ಅಂತ, ತಂತಿ ಸುತ್ತಿ ನೇರ ಕೊಟ್ಬುಟ್ಟವ್ನೆ. ಅವ್ನಿಗೆ ಬೈಯಕ್ಕೂ ಬಾಯಿ ಬರ್ನಿಲ್ಲ. ನನ್ ಗದ್ದೆಗೆ ನೀರಾಯ್ಲಿ ಅಂತ್ಲೇ ಮಾಡ್ದೋನು.

ಹುಬ್ಬಳ್ಳಿ_ಓಟಿ

ಅಯ್ಯೋ ದೇವರ! ಎರಡನೇ ವಾಷರ್ ಹಾಕಿದಾವನೂ ಇವನ ನೋಡ್ರಿ. ಖಾಲಿ ಫ್ಯೂಸ್ ಜಾಗಾ ನೋಡಿದಾವಗ ಯಾಕ ಖಾಲಿ ಅದ ಅಂತ ತಿಳಿಬೇಕಲ್ರಿ.

ಪೀಣ್ಯ_ಎರಡನೇ_ಹಂತ

ಅಣ್ಣ, ನಮ್ಮಲ್ಲಿ ಇದಕ್ಕೆ ಲಾಕ್ ಹಾಕಿ ಟ್ಯಾಗ್ ಹಾಕೋದು ಅಂತ ಇದೆ. ಮೇನ್ ಹಿಡಿಕೆ ಆಫ್ ಮಾಡಿ ಬಾಕ್ಸ್ ಮುಚ್ಚಿ ನಿಮ್ಮದೇ ಬೀಗ ಹಾಕಿ, "ನಾನು ಒಳಗೆ ಕೆಲಸ ಮಾಡ್ತಿದೀನಿ" ಅಂತ ಹೆಸರು ಬರೆದ ಚೀಟಿ ನೇತಾಕಿ. ಇಬ್ರು ಕೆಲಸ ಮಾಡ್ತಿದ್ರೆ ಎರಡು ಬೀಗ. ಬೀಗ ಹಾಕಿದವನೇ ತೆಗೀಬೇಕು, ಬೇರೆ ಯಾರೂ ಮುಟ್ಟಂಗಿಲ್ಲ. ಆಟೋ ಸ್ಟಾರ್ಟರ್‌ನೂ ಮ್ಯಾನ್ಯುಯಲ್‌ಗೆ ಹಾಕೋದು ಮರೀಬೇಡಿ. ಇಷ್ಟಾದ್ಮೇಲೂ ಕೈ ಹಾಕೋಕೆ ಮುಂಚೆ ಟೆಸ್ಟರ್ ಇಟ್ಟು ನೋಡಿ.

ಮದ್ದೂರು_ಗದ್ದೆ

ಮಾಡಿವ್ನಿ ಕಣಣ್ಣ. ಕಬ್ಬಿಣದ ಬಾಕ್ಸ್‌ಗೆ ಚಿಲ್ಕ ಬೆಸುಗೆ ಹಾಕ್ಸಿ ಹಿತ್ತಾಳೆ ಬೀಗ ತಂದೆ. ಚೀಟಿ ಬದ್ಲು ನಮ್ ಹುಡ್ಗಿ ಹಲಗೆ ಮೇಲೆ ದಪ್ಪಕ್ಷರದಲ್ಲಿ "ಅಪ್ಪ ಬೋರ್ ಹತ್ರ ಅವ್ರೆ" ಅಂತ ಬರ್ದವ್ಳೆ. ಕೀ ಉಡ್ದಾರಕ್ಕೆ ಕಟ್ಕತೀನಿ.

ಶಿಸ್ತು_ಮೊದಲು

ಬೀಗದ ಜೊತೆ ಎರಡು ಕೀ ಕೊಟ್ಟಿರ್ತಾರಲ್ಲ. ಇನ್ನೊಂದು ಎಲ್ಲಿದೆ? ಮನೆಯಲ್ಲಿ ಮೊಳೆಗೆ ನೇತಾಕಿದ್ರೆ ಭಾಮೈದನ ಕೈಗೆ ಸಿಗುತ್ತೆ.

ಮದ್ದೂರು_ಗದ್ದೆ

ಅದ್ನ ಅವನ ಎದುರ್ಗೇ ಹಾಳುಬಾವಿಗೆ ಎಸ್ದೆ ಸಾ.